ಸಾರ್ವೆ ಮೇಸ್ತ್ರಿಯ ಪ್ರಾರ್ಥನೆ

ಎಲ್ಲೇ ದೊಡ್ಡ ಕಟ್ಟಡ ಏಳಲಿ, ಅದರ ಸುತ್ತ ಕಬ್ಬಿಣದ ಪೈಪುಗಳ ಸಾರ್ವೆ ಕಟ್ಟಲು ಈ ಮೇಸ್ತ್ರಿಯೇ ಬೇಕು. ಗಾರೆಯವರು, ಬಣ್ಣದವರು ಆ ಸಾರ್ವೆಯ ಹಲಗೆಗಳ ಮೇಲೆ ನಿಂತು ಕೆಲಸ ಮುಗಿಸಿ ಹೆಸರು ತೆಗೆದುಕೊಂಡು ಹೋಗುತ್ತಾರೆ. ಸಾರ್ವೆ ಕಟ್ಟಿದವನ ಕೆಲಸ ಬಿಚ್ಚಿದ ಮೇಲೆ ಕಾಣುವುದೇ ಇಲ್ಲ. ಮೇಸ್ತ್ರಿಗೆ ಅದರ ಬೇಸರವೂ ಇರಲಿಲ್ಲ. ಮಾಡಿದ್ದನ್ನು ಊರಿಗೆಲ್ಲ ಸಾರಿಕೊಂಡು ತಿರುಗುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಅಮ್ಮ ಹೇಳಿದ್ದಳು. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದ.

ಬೆಳಿಗ್ಗೆ ಆಳುಗಳು ಬರುವ ಮುಂಚೆಯೇ ಒಬ್ಬನೇ ಬಂದು, ಸ್ಪ್ಯಾನರ್ ಹಿಡಿದು, ಪೈಪಿಗೆ ಪೈಪು ಕೂಡುವ ಕಡೆ ಇರುವ ಕ್ಲ್ಯಾಂಪುಗಳನ್ನೆಲ್ಲ ನೋಡುತ್ತಿದ್ದ. ಸಡಿಲ ಕಂಡರೆ ಬಿಗಿ ಮಾಡಿ, ಯಾರನ್ನೂ ಬೈಯದೆ, ಸ್ಪ್ಯಾನರನ್ನು ಚೀಲಕ್ಕೆ ಸೇರಿಸಿಬಿಡುತ್ತಿದ್ದ. ಆಳುಗಳು ಬಂದ ಮೇಲೆ ಕಣ್ಣು ಮುಚ್ಚಿ, ಕೈ ಜೋಡಿಸಿ ಪ್ರಾರ್ಥನೆ: "ದೇವರೇ, ಹತ್ತಿದವರನ್ನೆಲ್ಲ ಕ್ಷೇಮವಾಗಿ ಇಳಿಸು." ಆಮೇಲೆ ಮೊದಲು ಹತ್ತುವವನು ಅವನೇ. ಅವನು ಹಲಗೆಯ ಮೇಲೆ ಎರಡು ಸಲ ಕಾಲು ಕುಟ್ಟಿದರೆ ಉಳಿದವರು ಹತ್ತುವರು.

ಅವನನ್ನು ನೋಡಿಯೇ ಎಷ್ಟೋ ಜನ ತಿದ್ದಿಕೊಂಡಿದ್ದರು. ಕುಡಿದು ಬರುತ್ತಿದ್ದವರು ಕುಡಿತ ಬಿಟ್ಟಿದ್ದರು. ಬಾಯಿ ತೆರೆದರೆ ಹೊಲಸು ಮಾತಾಡುತ್ತಿದ್ದ ಮುದುಕನೊಬ್ಬ ಈಗ ಬೆರಳ ಮೇಲೆ ಸುತ್ತಿಗೆ ಬಿದ್ದರೂ "ದೇವರೇ" ಎನ್ನುತ್ತಿದ್ದ. ಹೇಳುವ ಧಾಟಿ ಮಾತ್ರ ಹಳೆಯದೇ.

ಆ ಗುಂಪಿಗೆ ಮೇಸ್ತ್ರಿಯ ತಂಗಿಯ ಗಂಡನೂ ಸೇರಿದ. ಆಳು ಎತ್ತರ, ಹಾಗಾಗಿ ಎಲ್ಲರಿಗೂ ಉದ್ದಪ್ಪನಾದ. ಸೇರುವ ಮುಂಚೆ ತಂಗಿ ಬಂದು, "ಅಣ್ಣ, ಇವರು ಸಂಜೆ ನಡ್ಕೊಂಡು ಮನೆಗೆ ಬರ್ಬೇಕು. ನಂಗೆ ಅಷ್ಟೇ ಸಾಕು," ಎಂದಿದ್ದಳು.

"ಬರ್ತಾನೆ ಕಣಮ್ಮ," ಎಂದು ಮೇಸ್ತ್ರಿ ಮಾತು ಕೊಟ್ಟಿದ್ದ.

ಒಂದು ದಿನ ಮೇಸ್ತ್ರಿಗೆ ಜ್ವರ. ಹೆಂಡತಿ ಬೇಡವೆಂದರೂ ಕೇಳದೆ ಎದ್ದು ಬಂದ, ಆದರೆ ತಡವಾಗಿತ್ತು. ಹಿಂದಿನ ಸಂಜೆಯಷ್ಟೇ ಆಳುಗಳು ಎರಡನೇ ಅಂತಸ್ತಿಗೆ ಸಾರ್ವೆ ಕಟ್ಟಿದ್ದರು. ಕಟ್ಟಿದವರೇ ನೋಡಿಕೊಂಡಿರುತ್ತಾರೆ ಎಂದುಕೊಂಡ. ಪ್ರಾರ್ಥನೆಯನ್ನೇನೋ ಬಿಡಲಿಲ್ಲ. ತಲೆ ಸುತ್ತುತ್ತಿದ್ದುದರಿಂದ ಹತ್ತಲು ಆಗಲಿಲ್ಲ.

"ನೀವು ಕೂತ್ಕೊಳಿ ಭಾವ, ನಾನು ಹೋಗ್ತೀನಿ," ಎಂದು ಉದ್ದಪ್ಪ ಹತ್ತಿದ.

ಮೇಲೆ ಹೋಗಿ ಭಾವನ ಹಾಗೆಯೇ ಕಾಲು ಕುಟ್ಟಿದ್ದೇ ತಡ, ಕ್ಲ್ಯಾಂಪೊಂದು ಜಾರಿ ಹಲಗೆ ಮಗುಚಿತು. ಉದ್ದಪ್ಪ ಕೆಳಗಿನ ಮರಳಿನ ರಾಶಿಯ ಮೇಲೆ ಬಿದ್ದ. ಮೇಸ್ತ್ರಿ ಜ್ವರ ಮರೆತು ಅವನತ್ತ ಓಡಿದ. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ, ಬಲಗೈ ಮುರಿದಿತ್ತು. "ಬೆಟ್ಟದಂಗೆ ಬಂದಿದ್ದು ಮಂಜಿನಂಗೆ ಹೋಯ್ತು. ಎಲ್ಲ ನಿಮ್ಮ ಪ್ರಾರ್ಥನೆ ಫಲ ಮೇಸ್ತ್ರಿ," ಎಂದು ಆಳುಗಳು ಸಮಾಧಾನ ಹೇಳಿದರು. ಆ ಮಾತು ಅವನಿಗೆ ನುಂಗಲಾರದ ತುತ್ತಾಯಿತು.

ಸಂಜೆ ತಂಗಿಯ ಮನೆಗೆ ಹೋದ. ಅವಳು ಕುಡಿಯಲು ನೀರು ಕೊಟ್ಟು, ಮುಖ ನೋಡದೆ ಹೇಳಿದಳು: "ನಡ್ಕೊಂಡೇ ಬಂದ್ರು ಅಣ್ಣ. ಇಬ್ರು ಹಿಡ್ಕೊಂಡಿದ್ರು."

ಮೇಸ್ತ್ರಿ ಒಳಗೆ ಹೋಗಿ ಉದ್ದಪ್ಪನ ಮಂಚದ ಪಕ್ಕ ಕೂತ. "ಆ ಕ್ಲ್ಯಾಂಪು ಹಾಕಿದ್ದು ಯಾರು?"

"ನಾನೇ ಭಾವ. ಕತ್ತಲಾಗ್ತಿತ್ತು, ಕೈಯಲ್ಲೇ ತಿರುವಿ ಬಿಟ್ಟೆ. ಎಲ್ಲರೂ ಹಾಗೇ ಮಾಡೋದು. ಬೆಳಿಗ್ಗೆ ನೀವು ಪ್ರಾರ್ಥನೆ ಮಾಡ್ತೀರಲ್ಲ. ಇಷ್ಟು ದಿನ ಒಂದೂ ಜಾರಿಲ್ಲ."

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ದಿನಾ ಬೆಳಿಗ್ಗೆ ಬಂದು ಬಿಗಿ ಮಾಡ್ತಿದ್ದವನು ನಾನು ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಇವರಿಗೆ ಗೊತ್ತಾಗುವುದಾದರೂ ಹೇಗೆ? ಅಮ್ಮ ಹೇಳಿದ್ದು ದಾನಧರ್ಮದ ಮಾತು. ಮೇಸ್ತ್ರಿ ಮಹಾರಾಯ ಅದನ್ನು ನಟ್ಟು ಬೋಲ್ಟಿಗೂ ಅಂಟಿಸಿಕೊಂಡಿದ್ದ. ಕಣ್ಣು ಮುಚ್ಚಿ ಮಾಡಿದ್ದನ್ನು ಎಲ್ಲರಿಗೂ ತೋರಿಸಿ, ಕಣ್ಣು ಬಿಟ್ಟು ಮಾಡಿದ್ದನ್ನು ಬಚ್ಚಿಟ್ಟಿದ್ದ. ಅವನಿಗೆ ನಾಚಿಕೆಯಾಯಿತು, ದುಃಖವೂ ಬಂತು.

ಏನನ್ನೂ ಬಿಡದೆ ಹೇಳಿಕೊಂಡ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಂಗಿ, "ಇನ್ಮೇಲೆ ಎಲ್ಲರ ಮುಂದೇನೇ ಮಾಡಣ್ಣ," ಎಂದಳು.

ಮಾರನೆಯ ಬೆಳಿಗ್ಗೆ ಆಳುಗಳು ಎಂದಿನಂತೆ ತಲೆ ತಗ್ಗಿಸಿ ನಿಂತರು. "ಕಣ್ಣು ಬಿಡ್ರಪ್ಪ," ಎಂದ ಮೇಸ್ತ್ರಿ, ಒಬ್ಬೊಬ್ಬರ ಕೈಗೂ ಸ್ಪ್ಯಾನರ್ ಕೊಟ್ಟ. ಒಬ್ಬ ಹಾಕಿದ ಕ್ಲ್ಯಾಂಪನ್ನು ಇನ್ನೊಬ್ಬ ನೋಡಬೇಕು, ಮೇಸ್ತ್ರಿ ಹಾಕಿದ್ದನ್ನೂ ಬಿಡುವಂತಿಲ್ಲ. ಪ್ರಾರ್ಥನೆ ಅದೇ, ಈಗ ಅದನ್ನು ಕ್ಲ್ಯಾಂಪು ತಿರುವುತ್ತಲೇ ಹೇಳಿದ.

"ದೇವರ ಮೇಲೆ ನಂಬಿಕೆ ಕಮ್ಮಿ ಆಯ್ತಾ ಮೇಸ್ತ್ರಿ?" ಎಂದು ಮುದುಕ ಕಿಚಾಯಿಸಿದ.

"ದೇವರ ಮೇಲೆ ಇದೆ. ನಿನ್ನ ಮೇಲೆ ಇಲ್ಲ."

ಕೈ ಕೂಡಿಕೊಂಡ ಮೇಲೆ ಉದ್ದಪ್ಪ ವಾಪಸು ಬಂದ. ಅವತ್ತು ಅವನ ಪಾಲಿಗೆ ಮೇಸ್ತ್ರಿ ಕಟ್ಟಿದ ಸಾಲು ಬಂತು. ಒಂದು ಕಡೆ ಸ್ಪ್ಯಾನರ್ ಇಟ್ಟು ನಿಂತ. "ಭಾವ, ಇದು ಸಡಿಲ ಇದೆ."

ಮೇಸ್ತ್ರಿ ಹತ್ತಿರ ಹೋಗಿ ಮುಟ್ಟಿ ನೋಡಿದ. ನಟ್ಟು ತಿರುಗಿತು. "ಹೌದಲ್ಲೋ. ಬಿಗಿ ಮಾಡು," ಎಂದು, ಅಭ್ಯಾಸಬಲದಿಂದ ಏಣಿಯ ಕಡೆ ಹೊರಟ.

"ತಾಳಿ," ಎಂದು ಉದ್ದಪ್ಪ ಕೈ ಅಡ್ಡ ಹಿಡಿದ. ನಟ್ಟು ಬಿಗಿ ಮಾಡಿ, ತಾನೇ ಮೊದಲು ಹತ್ತಿ, ಹಲಗೆಯ ಮೇಲೆ ಎರಡು ಸಲ ಕಾಲು ಕುಟ್ಟಿದ. ಹಲಗೆ ಅಲ್ಲಾಡಲಿಲ್ಲ. ಬಗ್ಗಿ ಕೈ ಚಾಚಿದ.

"ಈಗ ಹತ್ತಿ, ಭಾವ."

ಮೇಸ್ತ್ರಿ ಆ ಕೈ ಹಿಡಿದು ಹತ್ತಿದ.