ತೊಳೆದಿಟ್ಟ ಗೋದಾಮು

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ ಮಗುಚಿದರೂ ಅಷ್ಟೇ, ಹಂಪಿಯ ಗೆಸ್ಟ್ ಹೌಸಿನಲ್ಲಿ ವೈರು ಸುಟ್ಟರೂ ಅಷ್ಟೇ. ನಾನು ಹೋಗಿ ನಿಂತ ಕೂಡಲೇ ಜನ ಹೇಳುವುದು ಒಂದೇ ಮಾತು: "ಕಂಪನಿಯವ್ರು ಬಂದ್ರು ನೋಡ್ರಿ." ನನಗೆ ಮೈಯೆಲ್ಲ ಉರಿಯುತ್ತದೆ. "ನಾನು ಕಂಪನಿಯಾಕಿ ಅಲ್ರೀ, ಸರ್ವೇಯರು" ಎಂದರೆ, "ಹೊಲ ಅಳಿಯಾಕ ಬಂದೀರೇನ್ರಿ?" ಎಂದು ಕೇಳುತ್ತಾರೆ. ಯಾರ ಹತ್ತಿರ ಹಣೆ ಚಚ್ಚಿಕೊಳ್ಳಲಿ?

ಹೊಸಪೇಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಇಂಜಿನಿಯರಿಂಗ್ ಓದಿ, ಒಬ್ಬ ಹಿರಿಯ ಸರ್ವೇಯರ ಕೈಕೆಳಗೆ ಪಳಗಿ, ಪರೀಕ್ಷೆ ಬರೆದು ಪಡೆದ ಲೈಸೆನ್ಸು ನನ್ನದು. ಮೋಟಾರು ಮತ್ತು ಬೆಂಕಿ, ಇವೆರಡಕ್ಕೆ ಮಾತ್ರ. ಉಳಿದದ್ದಕ್ಕೆ ಕೈ ಹಾಕುವಂತಿಲ್ಲ. ನನ್ನ ಫೀಸು ಕೊಡುವುದು ವಿಮಾ ಕಂಪನಿಯೇ, ಆದರೆ ಕಾಯಿದೆಯ ಪ್ರಕಾರ ನಾನು ಅವರ ಕಡೆಯವಳೂ ಅಲ್ಲ, ಕಳೆದುಕೊಂಡವರ ಕಡೆಯವಳೂ ಅಲ್ಲ. ಏನು ಹಾಳಾಯಿತು, ಹೇಗೆ, ಎಷ್ಟು ಎಂದು ನೋಡಿ ವರದಿ ಕೊಡಬೇಕು. ಪರಿಹಾರ ಕೊಡುವುದು ಬಿಡುವುದು ಕಂಪನಿಗೆ ಸೇರಿದ್ದು. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದೇ ಬರೆಯಬೇಕು. ಕಾಣದ್ದನ್ನು ಕಂಡೆ ಎಂದು ಬರೆದರೆ ಲೈಸೆನ್ಸು ಹೋಗುತ್ತದೆ. ಹೋಗಲೂ ಬೇಕು ಅನ್ನಿ, ಸುಳ್ಳು ಬರೆದು ಹೊಟ್ಟೆ ತುಂಬಿಸಿಕೊಂಡವರನ್ನು ನಾನೂ ನೋಡಿದ್ದೇನೆ. ಕಂಪ್ಲಿಯ ಆ ಗಿರಣಿಗೆ ಹೋಗುವವರೆಗೆ ಈ ನಿಯಮದ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ.

ಅದು ಗಂಡ ಹೆಂಡತಿ ಸೇರಿ ನಡೆಸುತ್ತಿದ್ದ ಸಣ್ಣ ಅಕ್ಕಿ ಗಿರಣಿ. ಸ್ವಿಚ್ ಬೋರ್ಡಿನಿಂದ ಹತ್ತಿದ ಬೆಂಕಿ ಪಕ್ಕದ ಗೋದಾಮಿಗೆ ನುಗ್ಗಿತ್ತು. ಭತ್ತ, ಅಕ್ಕಿ ಎಲ್ಲ ಅಲ್ಲೇ ಇದ್ದವು. ಬಿಲ್ಲುಗಳಿದ್ದ ಕಪಾಟೂ ಅಲ್ಲೇ ಬೂದಿಯಾಗಿತ್ತು. ಕಂಪನಿ ಆ ಕೆಲಸವನ್ನು ನನಗೆ ಒಪ್ಪಿಸುವ ಹೊತ್ತಿಗೆ ಬೆಂಕಿ ಆರಿ ಎರಡು ದಿನವಾಗಿತ್ತು. ಮಾರನೇ ಬೆಳಿಗ್ಗೆ ಎದ್ದವಳೇ ಹೊರಟೆ.

ಹಾದಿಯುದ್ದಕ್ಕೂ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೇ ಹೋದೆ. ಬಿಲ್ಲು ಹೋದರೆ ಹೋಗಲಿ, ಗೋದಾಮೇ ಎಲ್ಲವನ್ನೂ ಹೇಳುತ್ತದೆ. ಸುಟ್ಟ ಚೀಲಗಳ ರಾಶಿಯನ್ನು ಅಳೆಯಬಹುದು. ಚೀಲ ಒಟ್ಟಿದ್ದ ಕಡೆ ಗೋಡೆಗೆ ಹೊಗೆ ತಾಗಿರುವುದಿಲ್ಲ, ಆಚೀಚೆ ಮಸಿ ಹಿಡಿದಿರುತ್ತದೆ. ಆ ಗುರುತು ನೋಡಿಯೇ ಎಷ್ಟೆತ್ತರ ಒಟ್ಟಿದ್ದರು ಎಂದು ಹೇಳಬಹುದು. ಇದನ್ನೆಲ್ಲ ನಾನು ಬಹಳ ಸಲ ಮಾಡಿದ್ದೆ.

ಗಿರಣಿಯ ಬಾಗಿಲಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಿತ್ತು. ಹಣೆತುಂಬ ವಿಭೂತಿ ಹಚ್ಚಿಕೊಂಡಿದ್ದ ಗಿರಣಿಯ ಯಜಮಾನಿ ಸೆರಗು ಸರಿಮಾಡಿಕೊಳ್ಳುತ್ತ ಎದುರು ಬಂದಳು.

"ಬರ್ರಿ ಮೇಡಮ್ಮಾರ, ಕುಂದ್ರಿ. ಆಫೀಸರು ನೋಡಾಕ ಬರ್ತಾರಂತ ಏಜೆಂಟ್ರು ಹೇಳಿದ್ರು. ಅದಕ್ಕ ನಿನ್ನೆ ಆಳು ಹಚ್ಚಿ ಎಲ್ಲಾ ಹಸನ ಮಾಡಿಸೀವ್ರಿ."

ಗೋದಾಮಿನೊಳಗೆ ಹೋಗಿ ನೋಡಿದೆ. ತಲೆಯ ಮೇಲೆ ಸೊಟ್ಟಗಾದ ತಗಡು, ಕಪ್ಪಾದ ತೊಲೆಗಳು. ಅದರ ಕೆಳಗೆ ತೊಳೆದು ಒಣಗಿದ ನೆಲ. ಒಂದು ಕಾಳಿಲ್ಲ. ಸುತ್ತಲಿನ ಗೋಡೆಗಳಿಗೆ ತೊಲೆಗಳವರೆಗೂ ಹೊಸ ಸುಣ್ಣ ಬಳಿದಿತ್ತು, ಇನ್ನೂ ಹಸಿ ವಾಸನೆ ಹೋಗಿರಲಿಲ್ಲ.

"ಸುಟ್ಟ ಅಕ್ಕಿ ಎಲ್ಲೈತ್ರಿ ಅಕ್ಕಾರ?"

"ಹೊಳಿಗೆ ಬಿಟ್ವಿ ರೀ, ಟ್ರ್ಯಾಕ್ಟರಿನ್ಯಾಗ ಒಯ್ದು. ಅನ್ನಪೂರ್ಣಿ ಅದಾಳ್ರಿ, ಕಾಲಾಗ ತುಳಿಯಾಕ ಬರ್ತೈತೇನ್ರಿ? ಬೆಂಕಿ ಆರ್ಸಾಕ ಬಂದೋರು, ನೋಡಾಕ ಬಂದೋರು, ಎಲ್ಲಾರೂ ಅದರ ಮ್ಯಾಲ ಓಡಾಡಿದ್ರು. ನನ್ನ ಜೀವ ತಡೀಲಿಲ್ಲ. ಹೊಳಿ ತಾಯಿಗೆ ಅರಿಷಿಣ ಕುಂಕುಮ ಏರ್ಸಿ, ಕೈ ಮುಗುದು ಬಿಟ್ವಿ."

ನನಗೆ ಸಿಟ್ಟು ಬಂದರೆ ನಾಲಿಗೆಗೆ ಕಡಿವಾಣವಿಲ್ಲ. "ಅಯ್ಯೋ, ಯಾಕ್ರೀ ಹಿಂಗ ಮಾಡಿದ್ರಿ! ನಾನು ನೋಡಾಕ ಬಂದದ್ದ ಅದನ್ನಲ್ಲೇನ್ರೀ? ಗೋಡಿಗೆ ಸುಣ್ಣ ಬಳೀರಿ ಅಂತ ಯಾರು ಹೇಳಿದ್ರು ನಿಮಗ?" ಎಂದು ಕೂಗಾಡಿಬಿಟ್ಟೆ. ಆಕೆಗೆ ಮೊದಲು ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಸಣ್ಣಗಾಯಿತು. ತಿರುಗಿ ಗಂಡನನ್ನು ನೋಡಿದಳು. ಬಾಗಿಲ ಬಳಿ ನಿಂತಿದ್ದ ಆತ ನೆಲ ನೋಡುತ್ತಿದ್ದ.

ಆಮೇಲೆ ಆತನೇ ಒಳಗೆ ಬಂದು ನನಗೆ ತೋರಿಸತೊಡಗಿದ. "ಇಲ್ಲಿ ಸೋನಾ ಮಸೂರಿ ಇತ್ರಿ. ಈ ಮೂಲಿಯಿಂದ ಅಲ್ಲೀತನ ಭತ್ತ. ಇಷ್ಟೆತ್ತರ ಇತ್ರಿ ಮೇಡಂ." ಕೈ ಎತ್ತಿದ. ಸಾಲದೆನ್ನಿಸಿತೇನೋ, ಹಿಮ್ಮಡಿ ಎತ್ತಿ ನಿಂತು ಇನ್ನಷ್ಟು ಎತ್ತರಕ್ಕೆ ಕೈ ಚಾಚಿದ. ಖಾಲಿ ಗೋದಾಮಿನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಆತ ಹಾಗೆ ಕೈ ಎತ್ತುತ್ತಿದ್ದರೆ ನಾನು ಟೇಪು ಹಿಡಿದು ಸುಮ್ಮನೆ ಹಿಂದೆ ಹೋದೆ. ಆತ ಹೇಳಿದ್ದು ಒಂದೂ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಅಳೆಯಲು ಅಲ್ಲಿ ಏನೂ ಇರಲಿಲ್ಲ.

ಕೈಲಾದಷ್ಟು ಮಾಡಿದೆ. ಹಮಾಲರನ್ನು ಕೇಳಿದೆ, ಎದುರಿನ ಚಹಾದಂಗಡಿಯವನನ್ನು ಕೇಳಿದೆ. "ಗೋದಾಮು ತುಂಬಿ ತುಳುಕ್ತಿತ್ರಿ" ಎಂದರು ಎಲ್ಲರೂ. ಯಾರ ಫೋನಿನಲ್ಲಿ ನೋಡಿದರೂ ಬೆಂಕಿ ಮತ್ತು ಹೊಗೆ ಬಿಟ್ಟರೆ ಬೇರೇನೂ ಕಾಣದು. ಹೊಳೆಯ ದಂಡೆಗೂ ಹೋದೆ. ಕಲ್ಲುಗಳ ಸಂದಿನಲ್ಲಿ ಒಂದಿಷ್ಟು ಕರಿ ಕಾಳು ಸಿಕ್ಕಿಕೊಂಡಿತ್ತು. ಫೋಟೋ ತೆಗೆದೆ. ಒಂದು ಹಿಡಿ ಕರಿ ಅಕ್ಕಿಯಿಂದ ಯಾರಿಗೆ ಏನು ಸಾಬೀತು ಮಾಡಲಿ? ಅಲ್ಲೇ ಕುಳಿತು ಅತ್ತುಬಿಟ್ಟೆ.

ವರದಿಯಲ್ಲಿ ಗೋದಾಮು ತುಂಬಿತ್ತೆಂದು ಜನ ಹೇಳಿದರು ಎಂದು ಬರೆದೆ. ಆ ಮಾತು ನಂಬತಕ್ಕದ್ದು ಎಂಬ ನನ್ನ ಅಭಿಪ್ರಾಯವನ್ನೂ ಬರೆದೆ. ಸುಟ್ಟ ಮಾಲನ್ನು ನೀವು ಸ್ವತಃ ನೋಡಿದ್ದೀರಾ ಎಂದು ಕಂಪನಿಯವರು ಕೇಳಿದರು. ಇಲ್ಲ ಎಂದೆ. ಚಾವಣಿಗೆ, ಯಂತ್ರಕ್ಕೆ ಪರಿಹಾರ ಬಂತು. ಮಾಲಿಗೆ ಬರಲಿಲ್ಲ. ಮೇಲೆ ದೂರು ಕೊಡಲು ದಾರಿ ಇದೆ, ನಾನೇ ತಿಳಿಸಿಕೊಡುತ್ತೇನೆ ಎಂದು ಫೋನು ಮಾಡಿದರೆ, "ಬ್ಯಾಡ್ರಿ ಮೇಡಂ, ಹೋದದ್ದು ಹೋತು" ಎಂದು ಆತ ಫೋನಿಟ್ಟ. ಮುಂದಿನ ಸುಗ್ಗಿಗೆ ಭತ್ತ ಕೊಳ್ಳಲು ಕೈಯಲ್ಲಿ ಏನೂ ಉಳಿಯದೆ ಗಿರಣಿ ನಿಂತಿತು. ಕೊನೆಗೆ ಮಾರಿದರು.

ಬಹಳ ದಿನಗಳ ನಂತರ ಒಂದು ಟ್ರ್ಯಾಕ್ಟರ್ ಅಪಘಾತದ ಕೆಲಸಕ್ಕೆ ಮತ್ತೆ ಕಂಪ್ಲಿಗೆ ಹೋಗಿದ್ದೆ. ದಾರಿಯಲ್ಲಿ ಬೇರೆಯವರ ಗಿರಣಿಯೊಂದರ ಅಂಗಳದಲ್ಲಿ ಹೆಂಗಸರು ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಅವರ ನಡುವಿನಿಂದ ಒಬ್ಬಾಕೆ ಮೊರ ಕೆಳಗಿಟ್ಟು ಎದ್ದು ಬಂದಳು. ಅದೇ ಯಜಮಾನಿ. ಸೊರಗಿದ್ದಳು. ಆಕೆಯೇ ನಗುತ್ತ "ಆರಾಮಿದ್ದೀರೇನ್ರಿ ಮೇಡಮ್ಮಾರ?" ಎಂದಳು. ತನ್ನ ಗಂಡನೂ ಅಲ್ಲೇ ಒಳಗೆ ತೂಕ ನೋಡುವ ಕೆಲಸಕ್ಕಿದ್ದಾನೆಂದು ಹೇಳಿ, ನನ್ನನ್ನು ಬೇವಿನ ಮರದ ಮಗ್ಗುಲಿಗೆ ಕರೆದಳು.

"ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಾನು ಕಸಾ ಹೊಡಿಸದ ಹಂಗ ಬಿಟ್ಟಿದ್ರ, ನಮ್ಮ ಮಾಲಿನ ರೊಕ್ಕ ಬರ್ತಿತ್ತೇನ್ರಿ?"

ಹೇಳಲು ಬರುವುದಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬರ್ತಿತ್ರಿ ಅಕ್ಕಾರ," ಎಂದೆ.

ಆಕೆ ತಲೆಯಾಡಿಸಿದಳು. ಗಿರಣಿಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ಅವತ್ತ ಇವ್ರು ಬ್ಯಾಡ ಅಂದಿದ್ರು ರೀ. ಆಫೀಸರು ನೋಡ್ಲಿ, ಆಮ್ಯಾಲ ತೆಗಿಸೂಣು ಅಂದ್ರು. ನಾನ ಕೇಳಲಿಲ್ಲ. ಬಂದೋರ ಮುಂದ ಹಂಗ ಇಡಾಕ ಬರ್ತೈತೇನು ಅಂತ ಜಗಳಾ ತೆಗದು ಎಲ್ಲಾ ತೊಳಿಸಿದೆ. ಇವತ್ತಿನ ತನಕ ಅವ್ರು ನನಗ ಒಂದು ಮಾತು ಅಂದಿಲ್ರಿ ಮೇಡಮ್ಮಾರ. ಒಮ್ಮೆ ಬೈದು ಬಿಟ್ಟಿದ್ರ ಚಲೋ ಇತ್ತು."