ಹಿಂದಿನ ಸಾಲಿನ ಚಾಪೆ

ಅವಳಿಗೆ ಚಾಪೆ ಎಂದು ಹೆಸರಿಟ್ಟವಳು ಜಿರಾಫೆ. ಯಾವಾಗ ನೋಡಿದರೂ ನೆಲಕ್ಕೆ ಹಾಸಿಕೊಂಡೇ ಇರುತ್ತಾಳೆ ಎಂಬ ಕಾರಣಕ್ಕೆ. ಜಿರಾಫೆ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಸ್ಮ್ಯಾಶ್ ಹೊಡೆಯುವ ಹುಡುಗಿ, ತಲೆ ತಗ್ಗಿಸದೆ ಬಾಗಿಲು ದಾಟಲಾರದಷ್ಟು ಎತ್ತರ. ಚಾಪೆ ಅವಳ ಭುಜಕ್ಕೂ ಬರುತ್ತಿರಲಿಲ್ಲ.

ತಂಡದ ಆಯ್ಕೆಗೆ ಹೋದ ದಿನ ಚಾಪೆಯೂ ಎಲ್ಲರಂತೆ ನೆಟ್ ಹತ್ತಿರ ನಿಂತು ಹಾರಿದ್ದಳು. ಪ್ರತಿ ಸಲವೂ ಗಾಳಿಗೇ ಏಟು. ಗೆಳತಿಯರು ಮುಸಿಮುಸಿ ನಕ್ಕರು. ಮುಖ ಸಣ್ಣದು ಮಾಡಿಕೊಂಡು ಹೊರಟವಳ ಪಕ್ಕದಲ್ಲೇ ಯಾರೋ ದಿಕ್ಕುತಪ್ಪಿ ಹೊಡೆದ ಚೆಂಡು ಕುಡಿಯುವ ನೀರಿನ ಕ್ಯಾನ್ ಕಡೆಗೆ ಇಳಿಯುತ್ತಿತ್ತು. ಹಿಂದುಮುಂದು ನೋಡದೆ ಧುಮುಕಿ, ಎರಡೂ ಮುಂಗೈ ಜೋಡಿಸಿ ಅದನ್ನು ಮೇಲೆತ್ತಿಬಿಟ್ಟಳು. ಕೋಚ್ ಮೇಡಂ ಸೀಟಿ ಊದಿದರು.

"ಏಯ್ ಗಿಡ್ಡಿ, ಎಲ್ಲಿಗೆ ಹೊರಟೆ? ಹಿಂದೆ ಹೋಗಿ ನಿಂತ್ಕೋ."

ಅಂದಿನಿಂದ ಹಿಂದಿನ ಸಾಲೇ ಅವಳ ಜಾಗವಾಯಿತು. ಎದುರಾಳಿಯ ಹೊಡೆತ ನೆಲಕ್ಕೆ ತಾಗದಂತೆ ಎತ್ತಿಕೊಡುವುದಷ್ಟೇ ಅವಳ ಕೆಲಸ. ನೆಟ್ ಮೇಲಿಂದ ಹೊಡೆಯುವಂತಿಲ್ಲ. ಅಂಥ ಆಟಗಾರ್ತಿಗೆ ಬೇರೆ ಬಣ್ಣದ ಅಂಗಿ, ನಿಯಮವೇ ಹಾಗಿದೆ. ತಂಡಕ್ಕೆಲ್ಲ ನೀಲಿ, ಇವಳೊಬ್ಬಳಿಗೆ ಹಳದಿ. ಆದರೂ ನೋಡುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳೆತ್ತಿದ ಚೆಂಡು ಇನ್ನೊಬ್ಬಳ ಬೆರಳ ತುದಿಗೆ ಹೋಗಿ, ಅಲ್ಲಿಂದ ಜಿರಾಫೆಯ ಅಂಗೈಗೆ ಏರಿ, ಆಚೆ ನೆಲಕ್ಕೆ ಅಪ್ಪಳಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಚಾಪೆ ಎದ್ದು ಕುಳಿತು ಮೊಣಕೈ ಒರೆಸಿಕೊಳ್ಳುತ್ತಿರುತ್ತಿದ್ದಳು.

ಅವಳ ಅಪ್ಪ ಬೀಗ ರಿಪೇರಿ ಮಾಡುತ್ತಿದ್ದ. ಹಳೆಯ ಕಟ್ಟಡವೊಂದರ ಮೆಟ್ಟಿಲಡಿಯಲ್ಲಿ ಅಂಗಡಿ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನೂ ಆ ಅಂಗಡಿಯಿಂದಲೇ ದೊಡ್ಡವರನ್ನಾಗಿ ಮಾಡಿದ್ದ. ಒಂದೇ ಒಂದು ಸಲ ಮಗಳ ಆಟ ನೋಡಲು ಬಂದಿದ್ದ. ಮನೆಗೆ ಬಂದಮೇಲೆ ಕೇಳಿದ:

"ಎಲ್ರೂ ಮೇಲೆ ಹಾರ್ತಾರೆ. ನೀನೊಬ್ಬಳು ಯಾಕಮ್ಮ ದಬದಬ ಬೀಳ್ತೀಯ? ಯಾರಾದ್ರೂ ತಳ್ತಾರಾ?"

"ಬಾಲ್ ಬೀಳಬಾರದು ಅಂತ ನಾನು ಬೀಳೋದು ಅಪ್ಪಾ."

"ಅದಕ್ಕೇನು ಪಾಯಿಂಟ್ ಕೊಡ್ತಾರಾ?"

"ಇಲ್ಲ."

"ಒಳ್ಳೇ ಕೆಲಸ ಹಿಡಿದೆ," ಎಂದು ಅಪ್ಪ ನಕ್ಕ. ಅಕ್ಕನೂ ನಕ್ಕಳು. ಮರುದಿನ ಅವಳ ಮೊಣಕಾಲಿನ ಪ್ಯಾಡಿನ ಕಿತ್ತುಹೋದ ಪಟ್ಟಿಗೆ ಅಪ್ಪನೇ ಹೊಸ ಬಕಲ್ ಹಾಕಿಕೊಟ್ಟ.

ಎರಡನೇ ವರ್ಷ ಅಂತರ ಕಾಲೇಜು ಫೈನಲ್ ಬೇರೆ ಊರಿನಲ್ಲಿತ್ತು. ಆಟದ ಹೊತ್ತಿನಲ್ಲಿ ಹುಡುಗಿಯರ ಫೋನುಗಳೆಲ್ಲ ಕೋಚ್ ಮೇಡಂ ಚೀಲದಲ್ಲಿ. ಮೂರನೇ ಸೆಟ್ ಸೋತು ತಂಡ ಹಿಂದೆ ಬಿದ್ದಿದ್ದಾಗ ಮೇಡಂ ಒಂದು ಫೋನ್ ಹಿಡಿದುಕೊಂಡು ಬಾಗಿಲ ಕಡೆಗೆ ಹೋದರು. ತಿರುಗಿ ಬಂದವರು ಚಾಪೆಯ ಹೆಗಲ ಮೇಲೆ ಕೈಯಿಟ್ಟು, "ಇನ್ನು ಎರಡು ಸೆಟ್. ಒಂದೂ ಬಿಡಬೇಡ," ಎಂದರು. ಮೇಡಂ ಹಾಗೆಲ್ಲ ಮೈಮುಟ್ಟಿ ಮಾತಾಡುವವರಲ್ಲ. ಚಾಪೆಗೆ ಖುಷಿಯಾಯಿತು. ನಿಜಕ್ಕೂ ಆಮೇಲೆ ಅವಳು ಒಂದೂ ಬಿಡಲಿಲ್ಲ. ಬೆಂಚಿನ ಕೆಳಗೆ ನುಗ್ಗಿದಳು, ಅಂಪೈರ್ ಕುರ್ಚಿಯ ಕಾಲಿಗೆ ತಲೆ ತಾಗಿಸಿಕೊಂಡಳು. ತಂಡ ಗೆದ್ದಿತು. ಉತ್ತಮ ಆಟಗಾರ್ತಿ ಬಹುಮಾನ ಜಿರಾಫೆಗೆ. ಎಲ್ಲರೂ ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದಾಗ ಮೇಡಂ ಚಾಪೆಯನ್ನು ಪಕ್ಕಕ್ಕೆ ಕರೆದರು.

"ನಿಮ್ಮಪ್ಪನಿಗೆ ಹುಷಾರಿಲ್ಲವಂತೆ. ಹೊರಗೆ ಕಾರ್ ನಿಂತಿದೆ, ಹೊರಡು."

ಆಸ್ಪತ್ರೆಗೆ ಬಂದಾಗ ಅಕ್ಕ ಮೊದಲ ಮಹಡಿಯ ಗೋಡೆಗೆ ಒರಗಿ ಕೂತಿದ್ದಳು. ಬಿಳಿ ಬಟ್ಟೆಯನ್ನು ಅಪ್ಪನ ಮುಖದ ಮೇಲೂ ಎಳೆದಾಗಿತ್ತು.

"ಈಗ ಬಂದೆಯಾ?" ಎಂದಳು ಅಕ್ಕ. "ಅಂಗಡಿಯಲ್ಲಿ ಬಿದ್ದ ಕೂಡಲೇ ಫೋನ್ ಮಾಡಿದ್ದೆನಲ್ಲೇ! ನಿಮ್ಮ ಮೇಡಂ ತಗೊಂಡ್ರು, ಈಗಲೇ ಕಳಿಸ್ತೀನಿ ಅಂದ್ರು. ಆಗ ಅಪ್ಪ ಮಾತಾಡ್ತಿದ್ದ. ಚಿಕ್ಕೋಳು ಬಂದಳಾ, ಬಂದಳಾ ಅಂತ ನಿನ್ನನ್ನೇ ಕೇಳ್ತಿದ್ದ."

ಚಾಪೆಗೆ ಅಳು ಬರಲಿಲ್ಲ. ಮೊಣಕಾಲಿಗೆ ಪ್ಯಾಡು ಹಾಗೇ ಇದೆಯಲ್ಲ, ಬಿಚ್ಚಬೇಕು ಎನಿಸಿತು. ಬಗ್ಗಿ ಬಿಚ್ಚಿದಳು. ಎಲ್ಲಿಡುವುದೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ಆಗಲೇ ಹೊರಟಿದ್ದರೆ ಅಪ್ಪ ಸಿಗುತ್ತಿದ್ದನೇ? ಬರುವ ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಆಗ ಹಾಕಿರುತ್ತಿತ್ತೋ ಇಲ್ಲವೋ. ಚಿಕ್ಕಪ್ಪ ಬಂದು ತಲೆ ಸವರಿದ. ನೆಂಟರು ಪಿಸುಗುಟ್ಟಿದರು, "ಎಂಥ ಕಲ್ಲೆದೆ ಹುಡುಗಿ ನೋಡು."

ಕಾಲೇಜಿಗೆ ಹೋಗಿ ಆ ಹೆಂಗಸಿನ ಮಾನ ಹರಾಜು ಹಾಕುತ್ತೇನೆ ಎಂದು ಅಕ್ಕ ಹಟ ಹಿಡಿದಳು. "ಬೇಡ ಅಕ್ಕ," ಎಂದಳು ಚಾಪೆ. ಜಗಳಕ್ಕೂ ಮೈಯಲ್ಲಿ ಒಂದಿಷ್ಟು ಬಿಸಿ ಬೇಕು. ಅವಳಿಗೋ ಅನ್ನ ಅನ್ನದಂತೆ ಇರಲಿಲ್ಲ, ನಿದ್ದೆ ನಿದ್ದೆಯಂತೆ ಇರಲಿಲ್ಲ. ಕರೆದರೆ ಹೋದಳು, ಆಡು ಎಂದರೆ ಆಡಿದಳು. ವಿಚಿತ್ರವೆಂದರೆ ಆಟ ಮೊದಲಿಗಿಂತ ಚೆನ್ನಾಗಿತ್ತು. ನೋವಿನ ಭಯ ಹೋಗಿದ್ದರಿಂದ ಎಲ್ಲಿ ಬೇಕಾದರೂ ಬೀಳುತ್ತಿದ್ದಳು. ಮೇಡಂ ಅವಳ ಮುಖ ನೋಡುವುದನ್ನು ಬಿಟ್ಟಿದ್ದರು. ಏನಿದ್ದರೂ ಅವಳ ಬೂಟಿನ ಕಡೆ ನೋಡಿ ಹೇಳುತ್ತಿದ್ದರು.

ದೊಡ್ಡ ತಂಡಕ್ಕೆ ಆಯ್ಕೆ ಮಾಡುವವರು ಬಂದು ಜಿರಾಫೆಯನ್ನು ಆರಿಸಿಕೊಂಡರು.

"ಸರ್, ನಮ್ಮ ಚಾಪೆ?" ಎಂದು ಜಿರಾಫೆಯೇ ಕೇಳಿದಳಂತೆ.

"ಯಾವ ಚಾಪೆ?" ಎಂದು ಅವರು ಕುರ್ಚಿಯ ಕೆಳಗೆ ಬಗ್ಗಿ ನೋಡಿದರಂತೆ. ಜಿರಾಫೆ ಇದನ್ನು ಹೇಳುತ್ತ ನಗಲೂ ಆಗದೆ, ಅಳಲೂ ಆಗದೆ ಒದ್ದಾಡಿದಳು. "ನಗು ಪರವಾಗಿಲ್ಲ," ಎಂದಳು ಚಾಪೆ.

ಕೊನೆಯ ವರ್ಷದ ಕೊನೆಯ ಪಂದ್ಯ. ಗೆಲುವು ಯಾರ ಕಡೆಗೆ ಬೇಕಾದರೂ ವಾಲಬಹುದಾಗಿತ್ತು. ಎದುರಾಳಿ ಹುಡುಗಿ ಹೊಡೆಯುವಂತೆ ಕೈಯೆತ್ತಿ, ಹೊಡೆಯದೆ ಚೆಂಡನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಅವಳ ಮಣಿಕಟ್ಟು ಸಡಿಲವಾದಾಗಲೇ ಚಾಪೆಗೆ ಗೊತ್ತಾಗಿತ್ತು. ಚೆಂಡು ಎಲ್ಲಿ ಇಳಿಯುತ್ತದೆ ಎಂಬುದೂ ಗೊತ್ತಿತ್ತು. ಎರಡು ಹೆಜ್ಜೆ, ಒಂದು ಧುಮುಕು, ಅಷ್ಟೇ. ಅವಳು ನಿಂತಲ್ಲೇ ನಿಂತಳು. ಚೆಂಡು ನೆಲಕ್ಕೆ ಬಿದ್ದು ಪುಟಿದು, ಉರುಳಿ, ಅವಳ ಬೂಟಿಗೆ ತಾಗಿ ನಿಂತಿತು.

ತಂಡ ಸೋತಿತು. ಯಾರೂ ಅವಳನ್ನು ಬೈಯಲಿಲ್ಲ. "ಅದು ಯಾರಿಗೂ ಸಿಗ್ತಿರಲಿಲ್ಲ ಬಿಡೇ, ಬೇಜಾರು ಮಾಡ್ಕೋಬೇಡ," ಎಂದು ಜಿರಾಫೆ ಬೆನ್ನು ತಟ್ಟಿದಳು. ಅವಳು ಎತ್ತಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ, ಈಗ ಬಿಟ್ಟದ್ದೂ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಬಂದು ಅವಳ ಪಕ್ಕ ಕೂತರು. ಮುಂದೆ ಹುಡುಗಿಯರು ಸೋಲು ಮರೆತು ಆಗಲೇ ಹರಟೆಗೆ ಇಳಿದಿದ್ದರು.

"ಅದು ನಿನ್ನ ಬಾಲು," ಎಂದರು ಮೇಡಂ.

"ಹೌದು ಮೇಡಂ."

"ಬೇಕಂತಲೇ ಬಿಟ್ಟೆಯಾ?"

"ಗೊತ್ತಿಲ್ಲ. ಕಾಲು ಏಳಲಿಲ್ಲ."

ಮೇಡಂ ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. "ಅವತ್ತು ನಿಮ್ಮಕ್ಕನ ಫೋನ್ ಬಂದಾಗ ನಾನು ಹೇಳಬೇಕಿತ್ತು. ಜಿರಾಫೆ ಮನೆಯಿಂದ ಫೋನ್ ಬಂದಿದ್ರೆ ಹೇಳಿಬಿಡ್ತಿದ್ದೆ, ಅವಳ ಜಾಗಕ್ಕೆ ಇನ್ನೊಬ್ಬಳಿದ್ದಳು. ನೀನು ಹೋದ್ರೆ ಹಿಂದೆ ನಿಲ್ಲೋರೇ ಇರಲಿಲ್ಲ. ನೀನಿಲ್ಲದೆ ಆ ಆಟ ಆಗ್ತಿರಲಿಲ್ಲ ಕಣೇ."

ಮೂರು ವರ್ಷದಲ್ಲಿ ಅಂಥ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ. ಕಿವಿಗೆ ಬಿತ್ತು, ಅರ್ಥವೂ ಆಯಿತು. ಎದೆಯಲ್ಲಿ ಏನಾದರೂ ಅಲುಗಾಡುತ್ತದೆಯೋ ಎಂದು ಚಾಪೆ ಕಾದಳು. ಇಲ್ಲ. ಕಿಟಕಿಯ ಆಚೆ ಲಾರಿಯೊಂದು ಇಟ್ಟಿಗೆ ತುಂಬಿಕೊಂಡು ಬಸ್ಸಿನ ಜೊತೆಜೊತೆಗೇ ಬರುತ್ತಿತ್ತು. ಅದನ್ನೇ ನೋಡುತ್ತಾ, "ಸರಿ ಮೇಡಂ," ಎಂದಳು. ಮೇಡಂ ಎದ್ದು ಮುಂದಿನ ಸೀಟಿಗೆ ಹೋದರು.

ಓದು ಮುಗಿದ ಮೇಲೆ ಅವಳು ಅಪ್ಪನ ಅಂಗಡಿ ತೆರೆದಳು. ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು, ಅಂಗಡಿ ಸುಮ್ಮನೆ ಮುಚ್ಚಿತ್ತು, ಬೇರೇನೂ ತೋಚಲಿಲ್ಲ. ಮೆಟ್ಟಿಲಡಿಯಲ್ಲಿ ನೆಟ್ಟಗೆ ನಿಂತರೂ ಅವಳ ತಲೆಗೆ ಏನೂ ಬಡಿಯುತ್ತಿರಲಿಲ್ಲ. ಕೀಲಿಕೈ ಉಜ್ಜುವುದು, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುವುದು ಎಲ್ಲ ಚಿಕ್ಕಂದಿನಿಂದ ನೋಡಿದ್ದೇ. ಬಂದ ಗಿರಾಕಿಗಳು, "ಯಾರೂ ಇಲ್ವಾ?" ಎಂದು ಅವಳನ್ನೇ ಕೇಳುತ್ತಿದ್ದರು. "ನಾನೇ ಇರೋದು, ಕೊಡಿ," ಎನ್ನುತ್ತಿದ್ದಳು.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಮೇಡಂ ಅಂಗಡಿಯ ಮುಂದೆ ಬಂದು ನಿಂತರು. ಕೂದಲು ಬೆಳ್ಳಗಾಗಿತ್ತು.

"ಹೊಸ ಹುಡುಗಿಯರು ಎಲ್ಲ ಜಿರಾಫೆ ಆಗಬೇಕು ಅಂತಾರೆ. ಹಿಂದೆ ನಿಲ್ಲೋಕೆ ಯಾರಿಗೂ ಬರಲ್ಲ. ಬೆಳಗ್ಗೆ ಒಂದು ಗಂಟೆ ಬಂದು ಕಲಿಸ್ತೀಯಾ?"

"ನೋಡೋಣ ಮೇಡಂ," ಎಂದಳು. ಎರಡು ವಾರ ಹೋಗಲಿಲ್ಲ. ಆಮೇಲೊಂದು ಬೆಳಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಮೈದಾನದ ತಂತಿಬೇಲಿಯ ಹತ್ತಿರ ನಿಂತಳು. ಒಳಗೆ ಹುಡುಗಿಯೊಬ್ಬಳು ಧುಮುಕುವಾಗ ಅಂಗೈ ಊರಿ ಬಿದ್ದು, ಮಣಿಕಟ್ಟು ಹಿಡಿದುಕೊಂಡು ಅತ್ತಳು. ಚಾಪೆ ಚಪ್ಪಲಿ ಬಿಟ್ಟು ಒಳಗೆ ಹೋದಳು. "ಕೈ ಊರಬೇಡ. ಎದೆ ಮೇಲೆ ಜಾರು, ಹೀಗೆ," ಎಂದು ತಾನೇ ಬಿದ್ದು ತೋರಿಸಿದಳು. ಅಂದಿನಿಂದ ದಿನಾ ಹೋಗುತ್ತಾಳೆ.

ಅಕ್ಕನಿಗೆ ಇದು ಸುತರಾಂ ಇಷ್ಟವಿಲ್ಲ. ಮೊನ್ನೆ ರಜೆಯ ದಿನ ಅಂಗಡಿಗೆ ಊಟ ತಂದವಳು ತಂಗಿಯ ಮೊಣಕೈ ತರಚಿದ್ದನ್ನು ನೋಡಿ ಸಿಡುಕಿದಳು.

"ಆ ಹೆಂಗಸಿನ ಮುಖ ಹೇಗೆ ನೋಡ್ತೀಯೇ? ಕ್ಷಮಿಸಿಬಿಟ್ಟೆಯಾ?"

ಚಾಪೆ ಯೋಚಿಸಿದಳು. "ಇಲ್ಲ ಅನ್ಸುತ್ತೆ," ಎಂದಳು. "ಸಿಟ್ಟೂ ಇಲ್ಲ ಅಕ್ಕ. ಹುಡುಗಿಯರಿಗೆ ಬೀಳೋಕೆ ಬರಲ್ಲ, ಕೈ ಮುರ್ಕೋತಾರೆ. ಅದಕ್ಕೆ ಹೋಗ್ತೀನಿ."

ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. "ಆರಿಹೋಗುತ್ತೆ, ತಿನ್ನು."

ಕೈಗೆ ಹತ್ತಿದ್ದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡು ಚಾಪೆ ತೊಳೆಯಲು ಎದ್ದಳು.