ನೂರು ಮಣಿಗಿಂತ ಚಿಕ್ಕದು

ಸಿಟ್ಟು ಬಂದರೆ ನಮ್ಮ ಸರ್ ಕತ್ತಿನಲ್ಲಿ ಒಂದು ನರ ಬಾವಿಯ ಹಗ್ಗದಂತೆ ಉಬ್ಬುತ್ತಿತ್ತು. ಮರುಕ್ಷಣ ಡಸ್ಟರ್ ಹಾರುತ್ತಿತ್ತು. ಭಾಲ್ಕಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು. ನನಗೆ ಚರ್ಚಾಸ್ಪರ್ಧೆ ಕಲಿಸಿದವರೂ ಅವರೇ. ಗೆದ್ದು ಬಂದರೆ ಮೆಚ್ಚುತ್ತಿರಲಿಲ್ಲ. "ವಕೀಲಾ, ಗೆದ್ದಿ ಖರೇ. ಹೇಳಿದ್ದು ಖರೇ ಅದ ಏನು?" ಎನ್ನುತ್ತಿದ್ದರು.

ಪ್ರೋಟೀನನ್ನು ಮಣಿಸರಕ್ಕೆ ಹೋಲಿಸುತ್ತಿದ್ದರು; ಒಂದೊಂದು ಅಮೈನೋ ಆಮ್ಲವೂ ಒಂದು ಮಣಿ. ನೂರು ಮಣಿಗಿಂತ ಚಿಕ್ಕ ಸರಗಳನ್ನು ವಿಜ್ಞಾನಿಗಳೇ ಬಹುಕಾಲ ಕಸವೆಂದು ಬಿಟ್ಟಿದ್ದರಂತೆ. ಈಗ ನೋಡಿದರೆ ಸ್ನಾಯು ದುಡಿಯುವುದರಲ್ಲಿ, ಕ್ಯಾನ್ಸರ್ ಬೆಳೆಯುವುದರಲ್ಲಿ ಅವುಗಳ ಕೈವಾಡ ಕಾಣುತ್ತಿದೆ. "ಹುಡುಕದೇನೇ ಇಲ್ಲ ಅಂದ್ರು, ದೊಡ್ಡ ದೊಡ್ಡ ಮಂದಿ," ಎಂದು ಬೋರ್ಡಿಗೆ ಗುದ್ದುತ್ತಿದ್ದರು. ಪರೀಕ್ಷೆಗೆ ಬಾರದ ಪಾಠವೇಕೆ ಎಂದು ನಾನು ವಾದಿಸಿದ್ದೆ.

ಕಾರಂಜಾ ಜಲಾಶಯ ಬತ್ತಿ ತಳ ಕಂಡ ವರ್ಷ, ಪುಣೆಗೆ ದುಡಿಯಲು ಹೋದ ನನ್ನ ಕಾಕಾ ಕೈಕಾಲಿನ ಬಲ ಕಳೆದುಕೊಂಡು ಔರಾದ್ ಕಡೆಯ ನಮ್ಮ ಊರಿಗೆ ಮರಳಿದ. ಬೀದರಿನ ದವಾಖಾನೆಯ ರಿಪೋರ್ಟನ್ನು ಮನೆ ಮುಂದಿನ ಕಟ್ಟೆಯ ಮೇಲೆ ನಿಂತು, ನೆರೆದ ಊರವರಿಗೆ ನಾನೇ ಗಟ್ಟಿಯಾಗಿ ಓದಿದೆ: ಎಲ್ಲ ನಾರ್ಮಲ್, ರೋಗವೇ ಇಲ್ಲ. ಕಾಕಾ ಮೈಗಳ್ಳನೆಂದು ಸಾಧಿಸುವುದಿತ್ತು ನನಗೆ.

"ರೋಗ ಇಲ್ಲಂದ್ಮ್ಯಾಲ ಭಾನಾಮತೀನೇ," ಎಂದಿತು ಗುಂಪು. ಮಾಟ ಮಾಡಿದವಳೆಂದು ಪಕ್ಕದ ಮನೆಯ ವಿಧವೆಯನ್ನು ಕೂದಲು ಹಿಡಿದು ಎಳೆದು ತಂದರು. ಮತ್ತೆ ಮಂತ್ರ ನುಡಿಯದಂತೆ ಹಲ್ಲು ಕೀಳುವುದು ಅದಕ್ಕೆ ಶಿಕ್ಷೆ. ಇಕ್ಕಳ ಬಂತು. ಎರಡು ಹಲ್ಲು ಹೋದವು. ನಾನು ಪೊಲೀಸರಿಗೆ ಫೋನ್ ಮಾಡಿದೆ, ಕಟ್ಟೆಯಿಂದ ಇಳಿಯಲಿಲ್ಲ. ಕಾಕಾನನ್ನು ನೋಡಲೆಂದು ಅಂದು ಬಂದಿದ್ದ ಸರ್ ಮನೆಯೊಳಗಿಂದ ಓಡಿಬಂದು, ಏಟು ತಾಗದಂತೆ ಅವಳನ್ನು ಮೈಯಿಂದ ಮುಚ್ಚಿ ಬಿದ್ದರು.

"ಸಿಗಲಿಲ್ಲ ಅಂದ್ರ ಇಲ್ಲಂತಲ್ಲರಿ. ರಿಪೋರ್ಟ್‌ನಾಗ ಬರದ ರೋಗಾನೂ ಇರ್ತಾವ."

"ಹಾಂಗಾದ್ರ ಯಾವ ರೋಗ ಅದ, ಹೇಳ್ರಿ ಮಾಸ್ತರಾ."

"ನಂಗೂ ಗೊತ್ತಿಲ್ಲರಿ."

ನಾನಾಗಿದ್ದರೆ ಒಂದು ಹೆಸರು ಹುಟ್ಟಿಸಿ ಹೇಳುತ್ತಿದ್ದೆ. ಆ ಸುಳ್ಳು ಅವರನ್ನು ಉಳಿಸುತ್ತಿತ್ತೇನೋ. ಈ ಮಾತಿನಲ್ಲಿ ಇವತ್ತಿಗೂ ಸರ್ ಜೊತೆ ನನ್ನ ಜಗಳ ಮುಗಿದಿಲ್ಲ.

ಕಲ್ಲು ಸರ್ ದವಡೆಗೆ ಬಿತ್ತು. ಬಡಿಗೆ ಬೆನ್ನಿಗೆ, ಆಮೇಲೆ ತಲೆಗೆ. ಜೀಪು ಬರುವವರೆಗೂ ಸರ್ ಅವಳ ಮೇಲಿಂದ ಏಳಲಿಲ್ಲ. ಅವಳು ಬದುಕಿದಳು.

ದವಾಖಾನೆಯಲ್ಲಿ, ಒಡೆದ ದವಡೆಯಲ್ಲೇ ಸರ್ ನನಗೆಂದರು: "ಸಿಗಲಿಲ್ಲ ಅನ್ನಬೇಕಿತ್ತು ನೀ. ಇಲ್ಲ ಅಂದಿ." ಮೂರನೆಯ ದಿನ ತೀರಿಹೋದರು. ಕಾಕಾನ ರೋಗಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸ್ ಕೇಳಿದ: "ಮೊದಲು ಸುರು ಮಾಡಿದಾಂವ ಯಾರು?"

"ನಾನ್ರಿ."

"ನೀ ಹೊಡದಿಯೇನು?"

"ಇಲ್ರಿ. ಓದಿದೆ."